ನಲವತ್ತೈದು ದಾಟಿದ ಟೈಲರ್‌ಗಳನ್ನು ಬಿಟ್ಟುಕೊಡದೆ ಯೂನಿಟ್ ನಡೆಸಿದ್ದು – ನನ್ನ ಅನುಭವ

"ವಯಸ್ಸಾದವರನ್ನು ಕಳಿಸಿ, ಹುಡುಗೀರನ್ನು ತಗೊಳ್ಳಿ ಮೇಡಂ" ಅಂತ ನನಗೆ ಹೇಳದವರಿಲ್ಲ. ತುಮಕೂರಿನ ಅಂತರಸನಹಳ್ಳಿಯ ಅಕ್ಕಪಕ್ಕದ ಗಾರ್ಮೆಂಟ್ ಯೂನಿಟ್‌ನವರು, ಕೆಲಸ ಕೊಡುವ ಬೆಂಗಳೂರಿನ ಪಾರ್ಟಿ, ಕೊನೆಗೆ ನಮ್ಮ ಆಡಿಟರ್ ಕೂಡ. ಈಗ ಅವರಲ್ಲೇ ಇಬ್ಬರು ಫೋನ್ ಮಾಡಿ ಅದೇನು ಮಾಡಿದ್ರಿ ಅಂತ ಕೇಳಿದ್ದಾರೆ. ಅದಕ್ಕೇ ಬರೆಯುತ್ತಿದ್ದೇನೆ.

ನನ್ನದು ಜಾಬ್ ವರ್ಕ್, ಅಂದರೆ ಬೇರೆಯವರ ಆರ್ಡರ್‌ಗೆ ಹೊಲಿದು ಕೊಡುವುದು. ಶರ್ಟ್, ಕುರ್ತಾ. 60–70 ಮೆಷಿನ್ ಇವೆ. ಟೈಲರ್‌ಗಳಲ್ಲಿ ಮೂರನೇ ಒಂದು ಭಾಗ 44ರಿಂದ 54ರ ಒಳಗಿನವರು. ಕಾಲರ್, ಕಫ್, ಸ್ಲೀವ್ ಎಲ್ಲಾ ಇವರ ಕೈಯಲ್ಲೇ ಇರೋದು. ಕಾಲರ್‌ಗೆ ಹೊಸಬಳನ್ನು ಕೂರಿಸಿದರೆ ಎರಡು ಮೂರು ತಿಂಗಳು ಅರ್ಧ ಪ್ರೊಡಕ್ಷನ್, ಜೊತೆಗೆ ಆಲ್ಟರ್ (ತಪ್ಪಾಗಿ ಮತ್ತೆ ಹೊಲಿಯಬೇಕಾದ ಪೀಸು) ಬೇರೆ. ನನ್ನ ಲೆಕ್ಕದಲ್ಲಿ ಒಬ್ಬರು ಬಿಟ್ಟರೆ 35–40 ಸಾವಿರ ಹೋಯಿತು ಅಂತಲೇ. ಒಂದೇ ವರ್ಷ ಐದಾರು ಜನ ಬಿಟ್ಟರು. ಯಾಕೆ ಅಂದರೆ "ಮೊಮ್ಮಗು ನೋಡ್ಕೋಬೇಕು ಅಕ್ಕ", "ಮಂಡಿ ನೋವು ಅಕ್ಕ". ಮುಟ್ಟು ನಿಲ್ಲುವ ಕಾಲದ ಕಾಟ ಇದು ಅಂತ ಒಬ್ಬರೂ ಬಾಯಿ ಬಿಡಲಿಲ್ಲ.

ಮೊದಲು ಇದರ ಬಗ್ಗೆ ಮಾತಾಡಲು ಡಾಕ್ಟರಮ್ಮನನ್ನು ಕರೆಸಿದೆ. ಹಿಂದೆ ಗಂಡಸು ಸೂಪರ್‌ವೈಸರ್‌ಗಳು ನಿಂತಿದ್ದರು, ಇನ್ಯಾರು ಪ್ರಶ್ನೆ ಕೇಳ್ತಾರೆ? ಫೀಸು, ಸಮೋಸ, ನಿಂತ ಲೈನು ಸೇರಿ ಏಳೆಂಟು ಸಾವಿರ ದಂಡ. ಆಮೇಲೆ 30 ಸಾವಿರದ ದೊಡ್ಡ ಕೂಲರ್. ಇಸ್ತ್ರಿ ಸೆಕ್ಷನ್‌ನಲ್ಲಿ ಮೊದಲೇ ಸ್ಟೀಮ್, ಅದರ ಮೇಲೆ ಕೂಲರ್‌ನ ತೇವ. ಸೆಖೆ ಇಳಿಯುವುದಿರಲಿ, ಮೈ ಅಂಟಂಟಾಯಿತು, ರೇಯಾನ್ ಪೀಸ್‌ಗಳ ಮೇಲೆ ನೀರಿನ ಕಲೆ ಕೂತು ಒಂದು ಲಾಟ್ ವಾಪಸ್ ಬಂತು. ಕೂಲರ್ ಅರ್ಧ ರೇಟಿಗೆ ಮಾರಿದೆ. ಮೂರನೆಯದು ರೆಸ್ಟ್ ರೂಮ್. ಮಂಚ, ಫ್ಯಾನ್ ಎಲ್ಲಾ ಹಾಕಿಸಿದೆ. ತಿಂಗಳೊಳಗೆ ಅದು ಕಾರ್ಟನ್ ಇಡುವ ಗೋಡೌನ್ ಆಯಿತು.

ಯಾಕೆ ಅಂತ ಲೈನ್‌ನಲ್ಲಿ ನಿಂತು ನೋಡಿದಾಗ ಗೊತ್ತಾಯಿತು. ಒಬ್ಬರು ಎದ್ದರೆ ಅವರ ಮುಂದೆ ಬಂಡಲ್ ಗುಡ್ಡೆ ಬೀಳುತ್ತದೆ, ಮುಂದಿನವಳು ಕೈ ಕಟ್ಟಿ ಕೂತು ಕಿರುಚುತ್ತಾಳೆ. ಮೈಯೆಲ್ಲಾ ಬೆಂಕಿ ಹತ್ತಿದ ಹಾಗೆ ಬೆವರು ಬಂದರೂ ಅಲ್ಲೇ ಸೆರಗಲ್ಲಿ ಒರೆಸಿಕೊಂಡು ಹೊಲೀತಾರೆ. ಮಂಚ ಹಾಕಿಸಿ ಏನು ಪ್ರಯೋಜನ, ಮೆಷಿನ್ ನೋಡೋರು ಯಾರು?

ಹೊಲಿಗೆಯ ಎಲ್ಲಾ ಕೆಲಸ ಬರುವ ಇಬ್ಬರನ್ನು ಫ್ಲೋಟರ್, ಅಂದರೆ ಎದ್ದವರ ಜಾಗಕ್ಕೆ ಕೂರುವವರು, ಮಾಡಿದೆ. ಕೈ ಎತ್ತಿದರೆ ಸಾಕು, ಫ್ಲೋಟರ್ ಬಂದು ಕೂರಬೇಕು. ಯಾಕೆ ಏನು ಅಂತ ಕೇಳುವ ಹಾಗಿಲ್ಲ. ಟೋಕನ್ ತಗೊಂಡೇ ಟಾಯ್ಲೆಟ್‌ಗೆ ಹೋಗಬೇಕು ಅನ್ನುವ ನಿಯಮವನ್ನು ಅದೇ ದಿನ ತೆಗೆದೆ. ಈ ವಯಸ್ಸಲ್ಲಿ ಮೂತ್ರಕ್ಕೆ ಪದೇ ಪದೇ ಅವಸರ ಆಗುತ್ತದೆ, ಸೋಂಕೂ ಜಾಸ್ತಿ. ಟೋಕನ್ ಇದ್ದಾಗ ನೀರು ಕುಡಿಯುವುದನ್ನೇ ಬಿಟ್ಟಿದ್ದರು. "ಎಲ್ಲರೂ ಕೈ ಎತ್ತುತ್ತಾರೆ ನೋಡ್ತಾ ಇರಿ" ಅಂದರು ಸೂಪರ್‌ವೈಸರ್‌ಗಳು. ಒಂದೆರಡು ವಾರ ಎತ್ತಿದರು, ನಿಜ. ಆಮೇಲೆ ಬೇಕಾದವರು ಮಾತ್ರ. ಫ್ಲೋಟರ್ ಹೊಲಿದ ಪೀಸು ಯಾರ ಲೆಕ್ಕಕ್ಕೆ ಅಂತ ಮೊದಲ ತಿಂಗಳು ಇನ್ಸೆಂಟಿವ್ ಹೊತ್ತಲ್ಲಿ ದೊಡ್ಡ ಜಗಳವೇ ಆಯಿತು. ಅದನ್ನು ಹೇಗೆ ಹಂಚಿದೆ ಅಂತ ಇಲ್ಲಿ ಬರೆಯಲ್ಲ, ಅದು ನನ್ನ ಗುಟ್ಟು.

ಇನ್ನೊಂದು, ಸ್ಟೂಲ್ ಕವರ್. ಈ ಕಾಲದಲ್ಲಿ ಎರಡು ತಿಂಗಳು ಏನೂ ಆಗದೆ ಆಮೇಲೆ ಒಂದೇ ಸಲ ಹೊಳೆ ಹರಿದ ಹಾಗೆ ರಕ್ತ ಹೋಗುತ್ತದೆ. ಸಂಜೆ ಬೆಲ್ ಹೊಡೆದ ಮೇಲೂ ಕೆಲವರು ಏಳುತ್ತಿರಲಿಲ್ಲ. ನೂಲು ಕತ್ತರಿಸುವ ನೆಪ ಮಾಡಿಕೊಂಡು, ಎಲ್ಲರೂ ಹೋದ ಮೇಲೆ ಸ್ಟೂಲ್ ಒರೆಸಿ ಏಳುತ್ತಿದ್ದರು. ಕಟ್ ಪೀಸ್‌ನಲ್ಲಿ ಕಡು ಮೆರೂನ್, ನೇವಿ ಆರಿಸಿ ಎರಡು ಪದರ ಕಾಟನ್, ನಡುವೆ ರೆಕ್ಸಿನ್, ನಾಲ್ಕು ಮೂಲೆಗೆ ಲಾಡಿ ಇಟ್ಟು ಎಲ್ಲರಿಗೂ ಹೊಲಿಸಿದೆ. ವಯಸ್ಸಾದವರಿಗೆ ಮಾತ್ರ ಕೊಟ್ಟರೆ ಒಬ್ಬರೂ ಹಾಕಿಕೊಳ್ಳುತ್ತಿರಲಿಲ್ಲ. ಆಯಾ ಹತ್ತಿರ ಪ್ಯಾಡ್ ಜೊತೆ ಎರಡು ಕಪ್ಪು ಲಂಗವೂ ಇರುತ್ತವೆ. ಖರ್ಚು ಒಂದು ದಿನದ ಕೂಲಿ, ಅಷ್ಟೇ. 30 ಸಾವಿರದ ಕೂಲರ್ ಮಾಡದ ಕೆಲಸವನ್ನು ಚಿಂದಿ ಬಟ್ಟೆ ಮಾಡಿತು.

ಸೆಖೆಗೆ ಎಕ್ಸಾಸ್ಟ್ ಫ್ಯಾನ್ ಜಾಸ್ತಿ ಮಾಡಿದೆ, ಪಾಲಿಯೆಸ್ಟರ್ ಕೋಟ್ ತೆಗೆದು ಕಾಟನ್ ಏಪ್ರನ್ ಕೊಟ್ಟೆ, ಇಸ್ತ್ರಿಯಲ್ಲಿದ್ದವರನ್ನು ಕಿಟಕಿ ಪಕ್ಕ ಟ್ರಿಮ್ಮಿಂಗ್‌ಗೆ (ನೂಲು ಕತ್ತರಿಸುವ ಕೆಲಸ) ಹಾಕಿದೆ.

ಬಿಸಿ ಟೀ ಕುಡಿದರೆ ಕೆಲವರಿಗೆ ತಕ್ಷಣ ಮೈ ಬಿಸಿಯೇರುತ್ತದೆ. ಅದಕ್ಕೆ 11 ಗಂಟೆ ಟೀ ನಿಲ್ಲಿಸಿ ಮಜ್ಜಿಗೆ ಕೊಟ್ಟು ನೋಡಿದೆ. "ಸಂಬಳ ಲೇಟ್ ಮಾಡಿ ಪರವಾಗಿಲ್ಲ, ಟೀಗೆ ಕೈ ಹಾಕಬೇಡಿ ಅಕ್ಕ" ಅಂದರು! ಈಗ ಎರಡೂ ಇವೆ. ರಾಗಿ ಅಂಬಲಿಯನ್ನೂ ಪ್ರಯತ್ನಿಸಿದೆ. ಕುಡಿದವರು ಮಧ್ಯಾಹ್ನ ತೂಕಡಿಸಿದರು. ಶನಿವಾರ ಮಾತ್ರ ಉಳಿಸಿಕೊಂಡಿದ್ದೇನೆ, ನನಗೆ ಇಷ್ಟ ಅಂತ.

ಆರೋಗ್ಯದ ವಿಷಯ. ಜಾಸ್ತಿ ಹೋಗ್ತಿದ್ದರೆ "ವಯಸ್ಸಿಗೆ ಬಂದಿದ್ದು" ಅಂತ ಬಿಡಬೇಡಿ. ರಕ್ತ ಪರೀಕ್ಷೆ ಮಾಡಿಸಿದಾಗ ನಾಲ್ಕೈದು ಜನರ ಹಿಮೋಗ್ಲೋಬಿನ್ 7–8ರಲ್ಲಿತ್ತು. ಸುಸ್ತಾಗದೆ ಇನ್ನೇನು? ಇಬ್ಬರಿಗೆ ಒಂದು ನರ್ಸಿಂಗ್ ಹೋಮ್‌ನಲ್ಲಿ ಗರ್ಭಕೋಶ ತೆಗೆಸಿ ಅಂದಿದ್ದರು, 50 ಸಾವಿರ ಸಾಲಕ್ಕೆ ಓಡಾಡುತ್ತಿದ್ದರು. ಬೇರೆ ಡಾಕ್ಟರ್‌ಗೆ ತೋರಿಸಿದೆ. ಒಬ್ಬರಿಗೆ ಮಾತ್ರೆಯಲ್ಲೇ ಹತೋಟಿಗೆ ಬಂತು, ಇನ್ನೊಬ್ಬರಿಗೆ ದೊಡ್ಡ ಗಡ್ಡೆ ಇತ್ತು, ಆಪರೇಷನ್ ಬೇಕೇ ಇತ್ತು. ಅಂಡಾಶಯವನ್ನೂ ತೆಗೆದರೆ ಮುಟ್ಟು ನಿಲ್ಲುವ ಕಾಟವೆಲ್ಲಾ ಒಟ್ಟಿಗೇ ಬಂದು ಬೀಳುತ್ತದೆ, ಆದ್ದರಿಂದ ಮೊದಲೇ ಕೇಳಿಕೊಳ್ಳಬೇಕು. ಪೂರ್ತಿ ಒಂದು ವರ್ಷ ನಿಂತ ಮೇಲೆ ಒಂದು ಹನಿ ರಕ್ತ ಕಂಡರೂ ತಡ ಮಾಡದೆ ತೋರಿಸಬೇಕು. ಕಾರ್ಮಿಕರ ಸರ್ಕಾರಿ ವಿಮೆ ಇಎಸ್‌ಐ ಇದ್ದೇ ಇದೆ, ನಮ್ಮವರ ಸಂಬಳ ಅದರ ಮಿತಿ 21,000 ದಾಟಲ್ಲ. ಡಾಕ್ಟರ್ ಸರ್ಟಿಫಿಕೇಟ್ ಇದ್ದರೆ ವರ್ಷಕ್ಕೆ 91 ದಿನದವರೆಗೆ 70% ಕೂಲಿ ಬರುತ್ತದೆ. ಇವರೆಲ್ಲಾ ಅದು ಕೈ ಕತ್ತರಿಸಿಕೊಂಡರೆ ಮಾತ್ರ ಅಂದುಕೊಂಡಿದ್ದರು.

ನಮ್ಮ ರಾಜ್ಯ ಸರ್ಕಾರ 2025ರಲ್ಲಿ ತಂದ ಮುಟ್ಟಿನ ರಜೆ ತಿಂಗಳಿಗೆ ಒಂದು ದಿನ, 18ರಿಂದ 52 ವರ್ಷದವರಿಗೆ. "ನಿಂತೇ ಹೋಯ್ತಲ್ಲ, ಯಾವ ಬಾಯಲ್ಲಿ ಕೇಳೋದು" ಅಂತ ನಮ್ಮ ದೊಡ್ಡವರು ಸುಮ್ನಿದ್ದರು. ನಾನು 52 ದಾಟಿದವರಿಗೂ ಕೊಟ್ಟೆ, ಅರ್ಧ ದಿನ ಮಾಡಿಯೂ ತಗೊಳ್ಳಬಹುದು. ರಾತ್ರಿ ಬೆವರಿ ನಿದ್ದೆ ಕೆಟ್ಟವರು ಒಂದು ಗಂಟೆ ತಡವಾಗಿ ಬಂದರೆ ಕೂಲಿ ಕಡಿತ ಇಲ್ಲ.

ಎಲ್ಲಾ ಸೇರಿ ತಿಂಗಳಿಗೆ 35 ಸಾವಿರದ ಹತ್ತಿರ ಖರ್ಚು, ಅದರಲ್ಲಿ ಫ್ಲೋಟರ್ ಸಂಬಳವೇ 28 ಸಾವಿರ. ಆಲ್ಟರ್ ನೂರಕ್ಕೆ ಎಂಟೊಂಬತ್ತು ಇದ್ದದ್ದು ನಾಲ್ಕಕ್ಕೆ ಬಂದಿದೆ. ಹೋದ ವರ್ಷ ಬಿಟ್ಟವರು ಇಬ್ಬರೇ, ಅದರಲ್ಲಿ ಒಬ್ಬರು ಮಗಳ ಮನೆಗೆ ಹೊಸೂರಿಗೆ ಹೋದರು. ಅದೇ ಬೆಂಗಳೂರಿನ ಪಾರ್ಟಿ ಈಗ ಪಕ್ಕದವರ ಆರ್ಡರನ್ನೂ ನನಗೇ ಕೊಡುತ್ತಿದೆ!

20 ಮೆಷಿನ್ ಒಳಗಿನವರಿಗೆ ಇಬ್ಬರು ಫ್ಲೋಟರ್ ಗಿಟ್ಟಲ್ಲ. ಒಬ್ಬರು ಸಾಕು, ಆದರೆ ಸೂಪರ್‌ವೈಸರ್‌ಗೆ ಕಾಲರ್ ಹೊಲಿಯೋಕೆ ಬರಬೇಕು. ಬರದಿದ್ದರೆ ಮೊದಲು ಅವನಿಗೆ ಕಲಿಸಿ.