ರೂಕ್, ಕ್ಯಾಸಲ್, ಟವರ್: ಪಕ್ಕದ ಪದ ಹಿಡಿದು ನಾನು ಅನುವಾದ ಮಾಡಿದ್ದು

ಒಂದು ಇಂಗ್ಲಿಷ್ ಪದಕ್ಕೆ ಹಲವು ಅರ್ಥ ಇದ್ದಾಗ, ಅದರ ಪಕ್ಕದ ಪದ ನೋಡಿ ಅರ್ಥ ಆರಿಸಬೇಕು, ಪದಪಟ್ಟಿಯನ್ನೂ ಹಾಗೇ ಕಟ್ಟಬೇಕು ಅಂತ ನಾನು ಹೇಳಿದಾಗ ಜೊತೆಯ ಅನುವಾದಕರು ಯಾರೂ ಒಪ್ಪಲಿಲ್ಲ. "ಒಂದು ಇಂಗ್ಲಿಷ್ ಪದಕ್ಕೆ ಒಂದು ಕನ್ನಡ ಪದ ಹಾಕಿ ಮುಂದೆ ಹೋಗ್ರೀ. ಈ ಸಂಶೋಧನೆಗೆಲ್ಲ ದುಡ್ಡು ಯಾರು ಕೊಡ್ತಾರೆ?" ಅಂದರು ಒಬ್ಬ ಹಿರಿಯರು. ಈಗ ಇಂಗ್ಲೆಂಡಿನ ಕೋಟೆಗಳ ಆಡಿಯೊ ಗೈಡ್, ಮಕ್ಕಳ ಚೆಸ್ ಪಾಠ ಎರಡೂ ಮುಗಿದಿವೆ. ಅರ್ಥ ತಪ್ಪಿದೆ ಅಂತ ಒಂದು ಸಾಲೂ ವಾಪಸ್ ಬಂದಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಮೊದಲು ಏನೇನು ಕೈಕೊಟ್ಟಿತು ಅಂತ ಹೇಳಿಬಿಡುತ್ತೇನೆ. ಕೆಲಸ ಕೊಡುವ ಏಜೆನ್ಸಿಯ ಟರ್ಮ್‌ಬೇಸ್‌ನಲ್ಲಿ, ಅಂದರೆ ಸಿದ್ಧ ಪದಪಟ್ಟಿಯಲ್ಲಿ, ರೂಕ್ ಅಂದರೆ ಆನೆ. ಚೆಸ್‌ಗೆ ಅದು ಸರಿ, ನಮ್ಮ ಕಡೆ ಮಕ್ಕಳು ಆನೆ ಅಂತಲೇ ಆಡೋದು. ಆದರೆ ಕೋಟೆಯ ಫೈಲ್‌ನಲ್ಲಿ ಅದೇ ಪದ ಹಕ್ಕಿ. ಕೊಕ್ಕಿನ ಬುಡದಲ್ಲಿ ಬಿಳಿಚಿದ ಬೋಳು ಚರ್ಮ ಇರುವ ಒಂದು ಜಾತಿಯ ಕಾಗೆ. ಮರದ ತುದಿಯಲ್ಲಿ ಗುಂಪು ಗುಂಪಾಗಿ ಗೂಡು ಕಟ್ಟುತ್ತದೆ. ಅನುವಾದದ ಸಾಫ್ಟ್‌ವೇರ್ ತಾನಾಗಿಯೇ ತುಂಬಿದ ಸಾಲು ಹೀಗಿತ್ತು: "ಸಂಜೆ ಆನೆಗಳು ಮರದ ತುದಿಯ ಗೂಡಿಗೆ ಮರಳುತ್ತವೆ." ಇಷ್ಟೇ ಅಲ್ಲ. ಒಬ್ಬ ವ್ಯಾಪಾರಿಯನ್ನು ಯಾರೋ ರೂಕ್ ಮಾಡಿದರು ಅಂತ ಇನ್ನೊಂದು ಕಡೆ ಇತ್ತು. ಅಲ್ಲಿ ಅದು ಮೋಸ ಮಾಡಿ ದುಡ್ಡು ಕಿತ್ತುಕೊಳ್ಳೋದು. ರೂಕರಿ ಅಂದರೆ ಆ ಕಾಗೆಗಳ ಗೂಡುಗಳ ಗುಂಪು. ಪೆಂಗ್ವಿನ್, ಸೀಲ್‌ಗಳು ಸೇರಿ ಮರಿ ಹಾಕುವ ಜಾಗಕ್ಕೂ ಅದೇ ಹೆಸರು. 19ನೇ ಶತಮಾನದ ಲಂಡನ್‌ನಲ್ಲಿ ಬಡವರ ಕಿಕ್ಕಿರಿದ ಕೇರಿಗಳಿಗೂ ಅದನ್ನೇ ಅಂದರು.

ಆಮೇಲೆ ವಿಷಯದ ಚೀಟಿ ಅಂಟಿಸಿ ನೋಡಿದೆ: ಚೆಸ್, ಹಕ್ಕಿ, ಕೋಟೆ ಅಂತ. ಎರಡು ದಿನವೂ ನಿಲ್ಲಲಿಲ್ಲ. ಲಂಡನ್ ಟವರ್‌ನ ಒಂದೇ ಪುಟದಲ್ಲಿ ಕೋಟೆ, ಜೈಲು, ಬುರುಜು, ರೇವನ್ ಕಾಗೆ ಎಲ್ಲವೂ ಇದ್ದವು. ಟವರ್ ಪದ ಇಂಗ್ಲಿಷಿನ ದೊಡ್ಡ ಅಕ್ಷರದಲ್ಲಿ ಶುರುವಾದರೆ ಕೋಟೆ, ಚಿಕ್ಕ ಅಕ್ಷರದಲ್ಲಾದರೆ ಬುರುಜು ಅಂತ ನಿಯಮ ಮಾಡಿದೆ. ತಲೆಬರಹಗಳೆಲ್ಲ ಪೂರ್ತಿ ದೊಡ್ಡ ಅಕ್ಷರದಲ್ಲೇ ಇದ್ದವು, ಅದೂ ಹೋಯಿತು.

ದುಡ್ಡಿನ ಲೆಕ್ಕವನ್ನೂ ಹೇಳಬೇಕು. ಪದಕ್ಕೆ ಸುಮಾರು ಒಂದೂವರೆ ರೂಪಾಯಿ. ಹಿಂದೆ ಅನುವಾದ ಆದ ಸಾಲಿಗೆ ನೂರಕ್ಕೆ ನೂರು ಮ್ಯಾಚ್ ಆದ ಸಾಲಿಗೆ ಹತ್ತು ಪೈಸೆಯೂ ಇಲ್ಲ. ಈ ಪದಗಳು ಒದೆಯೋದು ಅಲ್ಲಿಯೇ. ಚೆಸ್ ಆ್ಯಪ್‌ನಲ್ಲಿ ಬಟನ್ ಮೇಲೆ ಬರೀ ಕ್ಯಾಸಲ್ ಅಂತ ಇರುತ್ತದೆ. ಹಳೆಯ ಅನುವಾದಗಳನ್ನು ಕೂಡಿಟ್ಟ ಸಾಫ್ಟ್‌ವೇರಿನ ಮೆಮೊರಿ ಅದಕ್ಕೆ ಕೋಟೆ ಅಂತ ತುಂಬಿ, ನೂರು ಮ್ಯಾಚ್ ಅಂತ ಹಸಿರು ಗುರುತು ಹಾಕಿ, ನಮ್ಮ ಕೂಲಿ ಕಿತ್ತುಹಾಕುತ್ತದೆ. ಅಲ್ಲಿ ಬೇಕಾಗಿದ್ದದ್ದು 'ಕ್ಯಾಸ್ಲಿಂಗ್ ಮಾಡಿ' ಅಂತ, ಅಂದರೆ ರಾಜನನ್ನೂ ಆನೆಯನ್ನೂ ಒಂದೇ ಸಲಕ್ಕೆ ನಡೆಸೋದು. ತಿದ್ದಿದ್ದು ನಾವು, ದುಡ್ಡು ಸೊನ್ನೆ. ಒಂದು ಫೈಲ್‌ನಲ್ಲಂತೂ ತಿದ್ದೋದಕ್ಕೇ ವಾರ ಹೋಗಿ, ಬರಬೇಕಾದ ಇಪ್ಪತ್ತು ಸಾವಿರ ಚಿಲ್ಲರೆಯಲ್ಲಿ ಹದಿಮೂರು ಸಾವಿರ ಕೈಗೆ ಬಂತು.

ಕೊನೆಗೆ ಕೆಲಸ ಮಾಡಿದ ವಿಧಾನ ಇದು. ಅನುವಾದಕ್ಕೆ ಕೈ ಹಾಕುವ ಮೊದಲೇ ಆ ಪದ ಇರುವ ಎಲ್ಲ ಸಾಲನ್ನೂ ಕನ್‌ಕಾರ್ಡೆನ್ಸ್‌ನಲ್ಲಿ (ಸಾಫ್ಟ್‌ವೇರಿನ ಪದ ಹುಡುಕಾಟ) ಎಳೆದು ಸ್ಪ್ರೆಡ್‌ಶೀಟ್‌ಗೆ ಹಾಕುತ್ತೇನೆ. ಒಮ್ಮೆ ಬಲಗಡೆ ಪದದ ಮೇಲೆ ಸಾರ್ಟ್ (ಅಕ್ಷರ ಕ್ರಮದ ಜೋಡಣೆ), ಇನ್ನೊಮ್ಮೆ ಎಡಗಡೆ ಪದದ ಮೇಲೆ. ಗುಂಪುಗಳು ಕಣ್ಣಿಗೆ ಹೊಡೆಯುತ್ತವೆ. ರೂಕ್ ಆದ ಮೇಲೆ 'ಟು' ಬಂದು ಚೆಸ್ ಹಾಸಿನ ಮನೆಯ ಗುರುತು ಬಂದರೆ ಆನೆ. ರೂಕ್ಸ್‌ಗೆ ಮೊದಲು ಗುಂಪು, ಹಿಂಡು ಅನ್ನುವಂಥ ಪದ ಇದ್ದರೆ ಕಾಗೆ. ಕೊನೆಗೆ 'ಎಡ್' ಸೇರಿದ್ದರೆ ಮೋಸ. ಯಾರನ್ನಾದರೂ 'ಟು ದ ಟವರ್' ಕಳಿಸಿದರೆ ಸೆರೆಮನೆ. 1536ರಲ್ಲಿ ಆನ್ ಬೊಲಿನ್ ರಾಣಿಯನ್ನು ಕರೆದುಕೊಂಡು ಹೋಗಿದ್ದೂ ಹಾಗೆಯೇ. ಟವರ್‌ನ ಹಿಂದೆ ವೈಟ್ ಇದ್ದರೆ 1078ರ ಸುಮಾರಿಗೆ ದೊರೆ ವಿಲಿಯಂ ಕಟ್ಟಿಸಲು ಶುರುಮಾಡಿದ ಆ ಒಂದು ಕಟ್ಟಡ ಮಾತ್ರ, ಇಡೀ ಕೋಟೆ ಅಲ್ಲ. ಒಂದು ಗುಂಪನ್ನು ಒಟ್ಟಿಗೆ ಅನುವಾದ ಮಾಡಿ, ಬೀಗ ಹಾಕಿ, ಮುಂದಿನದಕ್ಕೆ ಹೋಗೋದು.

ಸಾರ್ಟ್ ಆದ ಮೇಲೆ ಉಳಿಯುವ ಚೂರುಪಾರು ಸಾಲುಗಳಿಗೆ ನನ್ನದೊಂದು ಜರಡಿ ಇದೆ. ಅದನ್ನು ಇಲ್ಲಿ ಹೇಳುವುದಿಲ್ಲ, ಅದು ನನ್ನ ಅನ್ನ.

ಜಾಸ್ತಿ ಸಂತೋಷ ಕೊಟ್ಟಿದ್ದು ಕೀಪ್. ಎಲ್ಲರಿಗೂ ಅದು 'ಇಟ್ಟುಕೊ', ಅಲ್ವಾ? ಕೋಟೆಯೊಳಗೆ ಅದು ಎಲ್ಲಕ್ಕಿಂತ ಗಟ್ಟಿಯಾದ ನಡುವಿನ ಕಟ್ಟಡ, ಶತ್ರು ಒಳಗೆ ಬಂದರೆ ಕೊನೆಯ ಆಸರೆ. ರೋಚೆಸ್ಟರ್ ಕೋಟೆಯ ಕೀಪ್ ಸುಮಾರು 34 ಮೀಟರ್ ಎತ್ತರ. 1215ರಲ್ಲಿ ದೊರೆ ಜಾನ್ ಅದರ ಒಂದು ಮೂಲೆಯ ಅಡಿಗೆ ಸುರಂಗ ಕೊರೆಸಿ, 40 ಹಂದಿಗಳ ಕೊಬ್ಬು ಹಾಕಿ ಸುರಂಗದ ಮರದ ಆಧಾರಗಳನ್ನು ಸುಡಿಸಿದ. ಮೂಲೆ ಕುಸಿಯಿತು. ಮತ್ತೆ ಕಟ್ಟುವಾಗ ಅದೊಂದು ಮೂಲೆಯನ್ನು ದುಂಡಗೆ ಕಟ್ಟಿದರು, ಈಗಲೂ ಹಾಗೇ ಇದೆ. ಈ ಕಟ್ಟಡಕ್ಕೆ ಗೋಪುರ ಅಂತ ಬರೆದರೆ ನಮ್ಮ ಓದುಗರಿಗೆ ಕಾಣೋದು ಹಂಪಿಯ ದೇವಸ್ಥಾನದ ಬಾಗಿಲು. ಬರೀ ಬುರುಜು ಅಂದರೆ ಗೋಡೆಗೆ ಅಂಟಿಕೊಂಡದ್ದು. ಉತ್ತರ ಕರ್ನಾಟಕದ ಹುಡೆ (ಊರ ಕಾವಲಿನ ಬುರುಜು) ಹತ್ತಿರ ಬರುತ್ತದೆ, ಆದರೆ ಮೈಸೂರು ಕಡೆಯವರಿಗೆ ಗೊತ್ತಾಗಲ್ಲ. 'ಒಳಬುರುಜು' ಅಂತ ಹಾಕಿದೆ. ಪರಿಶೀಲಕರು ಅದನ್ನೇ ತಮ್ಮ ಪಟ್ಟಿಗೆ ಸೇರಿಸಿಕೊಂಡಿದ್ದಾರೆ.

ವಿಧಾನಕ್ಕೆ ನಿಜವಾದ ಪರೀಕ್ಷೆ ಲೂಯಿಸ್ ಚೆಸ್ ಕಾಯಿಗಳು. ಸ್ಕಾಟ್ಲೆಂಡಿನ ಲೂಯಿಸ್ ದ್ವೀಪದಲ್ಲಿ 1831ರಲ್ಲಿ ಸಿಕ್ಕವು, 12ನೇ ಶತಮಾನದವು, ಹೆಚ್ಚಿನವು ವಾಲ್ರಸ್ ಅನ್ನುವ ಕಡಲ ಪ್ರಾಣಿಯ ದಂತದವು. ಅಲ್ಲಿ ರೂಕ್ ಅಂದರೆ ನಿಂತ ಕಾವಲುಗಾರ, ಕೆಲವರು ಗುರಾಣಿಯ ಅಂಚನ್ನು ಕಚ್ಚಿಕೊಂಡಿದ್ದಾರೆ. ಚಿತ್ರದ ಕೆಳಗೆ ಆನೆ ಅಂದರೆ ಮಗು ಆನೆಯನ್ನೇ ಹುಡುಕುತ್ತದೆ. ಸೈನಿಕ ಅನ್ನೋಣ ಅಂದರೆ ಆ ಹೆಸರು ಮುಂದಿನ ಸಾಲಿನ ಚಿಕ್ಕ ಕಾಯಿ ಪಾನ್‌ಗೆ ಹೋಗಿದೆ. ಸಾರ್ಟ್ ಮಾಡಿದಾಗ ಒಂದು ಗುಂಪಿನಲ್ಲಿ ರೂಕ್‌ನ ಪಕ್ಕ ಗುರಾಣಿ, ಕತ್ತಿ ಬಂದವು. ಇನ್ನೊಂದರಲ್ಲಿ ಮನೆ, ನಡೆ ಬಂದವು. ಮೊದಲನೆಯದಕ್ಕೆ 'ಆನೆಯ ಜಾಗದ ಕಾವಲುಗಾರ', ಎರಡನೆಯದಕ್ಕೆ ಬರೀ ಆನೆ.

ಮಧ್ಯೆ ಸುಮ್ನೆ ಬ್ಯಾಟರಿ ಪದದ ಮೇಲೂ ಇದನ್ನು ಓಡಿಸಿ ನೋಡಿದೆ. ಟಾರ್ಚಿನದು, ಫಿರಂಗಿ ಸಾಲಿನದು, ಕೋರ್ಟಿನ ಹಲ್ಲೆಯದು, ಕೋಳಿ ಗೂಡಿನದು. ಫಿರಂಗಿಯ ಅರ್ಥವೇ ತಾನೆ ಚಿತ್ರದುರ್ಗದ ಬತೇರಿ, ಮಂಗಳೂರಿನ ಸುಲ್ತಾನ್ ಬತ್ತೇರಿ. ಇದಕ್ಕೆ ಒಂದು ಪಕ್ಕದ ಪದ ಸಾಕಾಗಲಿಲ್ಲ, ಎರಡು ಮೂರು ಪದ ಆಚೆ ನೋಡಬೇಕಾಯಿತು. ಹತ್ತರಲ್ಲಿ ಏಳೆಂಟು ಸರಿ ಬಂದವು ಅನ್ನಬಹುದು.

ಮೊದಲು ದಿನಕ್ಕೆ 1,800 ಪದ ಆಗುತ್ತಿತ್ತು. ಈಗ ಸಾರ್ಟ್ ಮಾಡುವ ಹೊತ್ತನ್ನೂ ಸೇರಿಸಿ 2,500 ದಾಟುತ್ತದೆ. ಕೋಟೆಯ ಕೆಲಸ ಕೊಟ್ಟವರು ಮುಂದಿನ ಕಂತಿಗೆ ಪದಕ್ಕೆ ಎರಡು ರೂಪಾಯಿ ಒಪ್ಪಿದರು. ಆ ಹಿರಿಯರೂ ಶೀಟ್ ಕೇಳಿದ್ದಾರೆ, ಜರಡಿ ಬಿಟ್ಟು ಉಳಿದದ್ದನ್ನು ಕಳಿಸಿದೆ. ಈಗ ಕೈಯಲ್ಲಿರೋದು ಟರೆಟ್: ಕೋಟೆಯ ಚಿಕ್ಕ ಬುರುಜು, ಟ್ಯಾಂಕಿನ ಮೇಲೆ ತಿರುಗುವ ಫಿರಂಗಿ ಗೂಡು, ಲೇತ್ ಮೆಷಿನ್‌ನಲ್ಲಿ ಟೂಲ್ ಕಟ್ಟುವ ತಲೆ. ಲೇತ್‌ನ ಸಾಲುಗಳನ್ನು ಟರೆಟ್ ಅಂತಲೇ ಬಿಡುತ್ತಿದ್ದೇನೆ, ವರ್ಕ್‌ಶಾಪ್‌ನವರು ಹೇಳೋದೂ ಹಾಗೇ. ಟ್ಯಾಂಕಿನದು ಇನ್ನೂ ಅರ್ಧ ಬಾಕಿ ಇದೆ.