ಸುಮ್ನೆ ಬಿಟ್ಟಾಗ ಕಡಿದುಹೋಗುತ್ತಿದ್ದ ಕನೆಕ್ಷನ್

"ಸರ್, ಮತ್ತೆ ಎಂಟ್ರಿ ಹೋಯ್ತು." ಸುಮಾರು ಮೂರು ವಾರ ನನಗೆ ಬರುತ್ತಿದ್ದ ಫೋನೆಲ್ಲ ಇದೇ.

ನಮ್ಮದು ಮೈಕ್ರೋಸಾಫ್ಟ್ ಆಕ್ಸೆಸ್‌ನಲ್ಲಿ ಮಾಡಿದ ಡೇಟಾ ಎಂಟ್ರಿ ಅಪ್ಲಿಕೇಶನ್. ಡೇಟಾಬೇಸ್ ಮೊದಲು ಆಫೀಸಿನ ಒಳಗೇ ಇತ್ತು. ಕ್ಲೌಡ್‌ನಲ್ಲಿ ಒಂದು ಲಿನಕ್ಸ್ ಸರ್ವರ್ ತಗೊಂಡು, ಡೇಟಾವನ್ನು ಅದರಲ್ಲಿನ ಪೋಸ್ಟ್‌ಗ್ರೆಸ್ ಡೇಟಾಬೇಸ್‌ಗೆ ಸಾಗಿಸಿ, ಟೇಬಲ್‌ಗಳನ್ನು ಓಡಿಬಿಸಿ (ಅಪ್ಲಿಕೇಶನ್ನನ್ನು ಡೇಟಾಬೇಸ್‌ಗೆ ಜೋಡಿಸುವ ವ್ಯವಸ್ಥೆ) ಮೂಲಕ ಆಕ್ಸೆಸ್‌ಗೆ ಲಿಂಕ್ ಮಾಡಿದೆ. ಫಾರ್ಮ್‌ಗಳನ್ನು ಮುಟ್ಟಲಿಲ್ಲ. ನಾನು ಕೂತು ಪರೀಕ್ಷೆ ಮಾಡಿದಾಗ ಎಲ್ಲ ಸರಿಯಾಗಿತ್ತು. ಬೇರೆಯವರು ಕೂತರೆ ಮಾತ್ರ ಆಗಾಗ ಸೇವ್ ಒತ್ತಿದ ಮೇಲೆ ಸ್ಕ್ರೀನ್ ಹಾಗೇ ನಿಂತುಬಿಡುತ್ತಿತ್ತು. ಸ್ವಲ್ಪ ಹೊತ್ತಾದ ಮೇಲೆ 'ಓಡಿಬಿಸಿ ಕಾಲ್ ಫೇಲ್ಡ್', ಎರರ್ 3146. ಅಷ್ಟೇ ಅಲ್ಲ, ಒಮ್ಮೆ ಹೀಗಾದರೆ ಆಕ್ಸೆಸ್ ಪೂರ್ತಿ ಮುಚ್ಚಿ ತೆಗೆಯಬೇಕು. ಸತ್ತ ಕನೆಕ್ಷನ್ನನ್ನೇ ಅದು ಹಿಡಿದುಕೊಂಡು ಕೂತಿರುತ್ತಿತ್ತು.

ಮೊದಲ ವಾರ ನಾನು ಮಾಡಿದ್ದೆಲ್ಲ ವ್ಯರ್ಥ. ಕ್ವೆರಿ ಟೈಮ್‌ಔಟ್ ಜಾಸ್ತಿ ಮಾಡಿದೆ, ಡ್ರೈವರ್ ಹೊಸದು ಹಾಕಿದೆ, ಕೇಬಲ್ ಬದಲಿಸಿದೆ. ಬೆಳಗ್ಗೆಯಿಂದ ಸಂಜೆವರೆಗೆ ಸರ್ವರ್‌ಗೆ ಪಿಂಗ್ (ಆ ಕಡೆಯಿಂದ ಉತ್ತರ ಬರುತ್ತದೆಯೇ ಅಂತ ನೋಡುವ ಪುಟ್ಟ ಸಂದೇಶ) ಓಡಿಸಿಟ್ಟೆ. ಒಂದೇ ಒಂದು ಪ್ಯಾಕೆಟ್ ಕಳೆದಿರಲಿಲ್ಲ. ಆದರೂ ಅದೇ ದಿನ ಎರಡು ಸಲ ಎರರ್ ಬಂತು. ಪಿಂಗ್ ಸರಿ ಇದ್ದರೆ ನೆಟ್‌ವರ್ಕ್ ಸರಿ ಇದೆ ಅಂತ ನಾವೆಲ್ಲ ಅಂದುಕೊಳ್ಳುತ್ತೀವಿ, ಅಲ್ವಾ? ಪಿಂಗ್ ಬೇರೆ ಹರಿವು, ನಮ್ಮ ಡೇಟಾಬೇಸಿನ ಟಿಸಿಪಿ ಕನೆಕ್ಷನ್ (ಎರಡು ಕಂಪ್ಯೂಟರ್‌ಗಳ ನಡುವೆ ತೆರೆದೇ ಇರುವ ಸಂಪರ್ಕ) ಬೇರೆ ಹರಿವು. ಪಿಂಗ್ ಕ್ಷಣಕ್ಷಣಕ್ಕೂ ಮಾತಾಡುತ್ತಿರುತ್ತದೆ. ಡೇಟಾಬೇಸ್ ಕನೆಕ್ಷನ್ ಎಷ್ಟೋ ಹೊತ್ತು ಮೌನವಾಗಿರುತ್ತದೆ. ಆ ಮೌನದಲ್ಲೇ ಸಮಸ್ಯೆ ಇತ್ತು.

ಇದು ಹೊಳೆದದ್ದು ಒಂದು ದಿನ ಡೇಟಾ ಎಂಟ್ರಿ ಮಾಡುವವರ ಪಕ್ಕದಲ್ಲಿ ಸುಮ್ನೆ ಕೂತಾಗ. ಅವರು ಅರ್ಧ ಫಾರ್ಮ್ ತುಂಬಿದ್ದರು, ಯಾರೋ ಏನೋ ಕೇಳಲು ಬಂದರು, ಮಾತು ಮುಗಿಸಿ ಬಂದು ಸೇವ್ ಒತ್ತಿದರು. ಎರರ್ ಬಂತು. ಎರರ್ ಎಷ್ಟು ಗಂಟೆಗೆ ಬಂತು ಅಂತಲೇ ನಾನು ಅಲ್ಲಿವರೆಗೆ ಬರೆದಿಟ್ಟಿದ್ದೆ. ಅದಕ್ಕೆ ಮುಂಚೆ ಎಷ್ಟು ಹೊತ್ತು ಕೈ ಆಡಿರಲಿಲ್ಲ ಅನ್ನುವುದನ್ನು ಬರೆದಿರಲೇ ಇಲ್ಲ.

ಅವತ್ತು ಸಂಜೆ ಆಕ್ಸೆಸ್‌ನೊಳಗಿನ ವಿಬಿಎ ಭಾಷೆಯಲ್ಲಿ ಒಂದು ಪುಟ್ಟ ಕೋಡ್ ಬರೆದೆ. ಕನೆಕ್ಷನ್ ತೆರೆ, 'ಸೆಲೆಕ್ಟ್ 1' ಅನ್ನುವ ಅತಿ ಸರಳ ಕ್ವೆರಿ ಕಳಿಸು, ಇಂತಿಷ್ಟು ನಿಮಿಷ ಕಾಯಿ, ಮತ್ತೆ ಅದನ್ನೇ ಕಳಿಸು. 2 ನಿಮಿಷ ಕಾದರೆ ಉತ್ತರ ಬಂತು. 4 ನಿಮಿಷಕ್ಕೂ ಬಂತು. 6 ನಿಮಿಷಕ್ಕೆ ಇಲ್ಲ. ನಡುವೆ ಹುಡುಕುತ್ತಾ ಹೋದಾಗ ಗಡಿ ಸರಿಯಾಗಿ 5 ನಿಮಿಷಕ್ಕೆ ಬಂದು ನಿಂತಿತು. ಇಷ್ಟು ದುಂಡಗಿನ ಸಂಖ್ಯೆ ಬಂದರೆ ಅದು ಯಾರೋ ಎಲ್ಲೋ ಇಟ್ಟ ಸೆಟ್ಟಿಂಗ್ ಅಂತಲೇ ಅರ್ಥ.

ಎಲ್ಲಿ ಅನ್ನುವುದಕ್ಕೆ ಎರಡೂ ಕಡೆಯಿಂದ ನೋಡಿದೆ. ಕಂಪ್ಯೂಟರ್‌ನಲ್ಲಿ ವೈರ್‌ಶಾರ್ಕ್, ಸರ್ವರ್‌ನಲ್ಲಿ ಟಿಸಿಪಿಡಂಪ್; ಎರಡೂ ಹೋಗಿಬರುವ ಪ್ಯಾಕೆಟ್‌ಗಳನ್ನು ತೋರಿಸುವ ಸಾಧನಗಳು. ಕಂಪ್ಯೂಟರ್‌ನಿಂದ ಪ್ಯಾಕೆಟ್ ಹೊರಟಿತು, ಉತ್ತರ ಇಲ್ಲ. ಅದನ್ನೇ ಮತ್ತೆ ಕಳಿಸಿತು, ಮತ್ತೆ ಕಳಿಸಿತು, ಪ್ರತಿ ಸಲ ಕಾಯುವ ಹೊತ್ತು ಹಿಂದಿನದರ ಎರಡರಷ್ಟು. ಕೊನೆಗೆ ಕೈಬಿಟ್ಟಿತು. ಸ್ಕ್ರೀನ್ ನಿಂತಂತೆ ಕಾಣುತ್ತಿದ್ದದ್ದು ಇದೇ ಹೊತ್ತಿನಲ್ಲಿ. ಸರ್ವರ್ ಕಡೆ ಆ ಪ್ಯಾಕೆಟ್ ಒಂದೂ ತಲುಪಿರಲಿಲ್ಲ. ಅದೇ ಕಂಪ್ಯೂಟರನ್ನು ಮೊಬೈಲ್ ಹಾಟ್‌ಸ್ಪಾಟ್‌ಗೆ ಸೇರಿಸಿ ಪರೀಕ್ಷೆ ಓಡಿಸಿದರೆ 10 ನಿಮಿಷ ಬಿಟ್ಟರೂ ಕನೆಕ್ಷನ್ ಬದುಕಿತ್ತು. ಅಂದರೆ ಕ್ಲೌಡ್‌ನದು ತಪ್ಪಿಲ್ಲ. ಆಫೀಸಿನ ನೆಟ್‌ವರ್ಕ್ ಕಾಯುವ ನಮ್ಮ ಫೈರ್‌ವಾಲ್‌ನಲ್ಲೇ ಟಿಸಿಪಿ ಸೆಷನ್ ಟೈಮ್‌ಔಟ್ 300 ಸೆಕೆಂಡಿಗೆ ಇತ್ತು. 5 ನಿಮಿಷ ಮಾತಿಲ್ಲದ ಕನೆಕ್ಷನ್ನನ್ನು ಅದು ತನ್ನ ಪಟ್ಟಿಯಿಂದ ಅಳಿಸುತ್ತಿತ್ತು, ಎರಡು ತುದಿಗೂ ಹೇಳದೆ.

ಇಂಥ ಮೌನಕ್ಕೆಂದೇ ಟಿಸಿಪಿಯಲ್ಲಿ ಕೀಪ್‌ಅಲೈವ್ ಇದೆ: ಕನೆಕ್ಷನ್ ಸುಮ್ಮನಿದ್ದಾಗ ಆ ಕಡೆಯವರು ಇನ್ನೂ ಇದ್ದಾರೆಯೇ ಅಂತ ಕೇಳುವ ಪುಟ್ಟ ಸಂದೇಶ. ಆದರೆ ಅದನ್ನು ಕಳಿಸುವ ಮುಂಚೆ ಕಾಯುವ ಹೊತ್ತಿನ ಡೀಫಾಲ್ಟ್ ಲಿನಕ್ಸ್‌ನಲ್ಲೂ ವಿಂಡೋಸ್‌ನಲ್ಲೂ 2 ಗಂಟೆ. ಇಂಟರ್ನೆಟ್ ನಿಯಮಗಳ ದಾಖಲೆಯಾದ 1989ರ ಆರ್‌ಎಫ್‌ಸಿ 1122 ಡೀಫಾಲ್ಟನ್ನು ಅದಕ್ಕಿಂತ ಕಡಿಮೆ ಇಡಬಾರದು ಅನ್ನುತ್ತದೆ. ಇತ್ತ 2008ರ ಆರ್‌ಎಫ್‌ಸಿ 5382, ನ್ಯಾಟ್ ಮಾಡುವ (ಒಳಗಿನ ವಿಳಾಸವನ್ನು ಹೊರಗಿನ ವಿಳಾಸಕ್ಕೆ ಬದಲಿಸುವ) ಸಾಧನಗಳು ಸುಮ್ಮನಿರುವ ಕನೆಕ್ಷನ್ನನ್ನು ಕನಿಷ್ಠ 2 ಗಂಟೆ 4 ನಿಮಿಷ ಉಳಿಸಿಕೊಳ್ಳಬೇಕು ಅನ್ನುತ್ತದೆ. ಎರಡೂ ಒಂದಕ್ಕೊಂದು ಹೊಂದುತ್ತವೆ. ನಿಜವಾದ ಸಾಧನಗಳು ಅಷ್ಟು ಕಾಯುವುದಿಲ್ಲ. ಕ್ಲೌಡ್‌ನಲ್ಲೂ ಹೀಗೇ: ಬರುವ ಕನೆಕ್ಷನ್‌ಗಳನ್ನು ಸರ್ವರ್‌ಗಳಿಗೆ ಹಂಚುವ ಅಜೂರ್ ಲೋಡ್ ಬ್ಯಾಲೆನ್ಸರ್‌ನ ಡೀಫಾಲ್ಟ್ 4 ನಿಮಿಷ, ಎಡಬ್ಲ್ಯುಎಸ್ ನೆಟ್‌ವರ್ಕ್ ಲೋಡ್ ಬ್ಯಾಲೆನ್ಸರ್‌ನದು 350 ಸೆಕೆಂಡು. ಹಾಗಾಗಿ ಫೈರ್‌ವಾಲ್‌ನಲ್ಲಿ ಸಮಯ ಏರಿಸಿ ಬಿಟ್ಟರೆ ಸಾಲದು ಅನ್ನಿಸಿತು. ನಾಳೆ ದಾರಿಯಲ್ಲಿ ಇನ್ನೊಂದು ಸಾಧನ ಬರಬಹುದು.

ಪೋಸ್ಟ್‌ಗ್ರೆಸ್‌ನ ಕಾನ್ಫಿಗ್ ಫೈಲಿನಲ್ಲಿ ಕೀಪ್‌ಅಲೈವ್‌ನ ಮೂರು ಸಾಲುಗಳಿವೆ. ಐಡಲ್ (ಎಷ್ಟು ಹೊತ್ತು ಮೌನವಿದ್ದರೆ ಕೇಳಬೇಕು) 60 ಸೆಕೆಂಡು, ಇಂಟರ್ವಲ್ (ಉತ್ತರ ಬರದಿದ್ದರೆ ಎಷ್ಟು ಹೊತ್ತಿಗೆ ಮತ್ತೆ ಕೇಳಬೇಕು) 10 ಸೆಕೆಂಡು, ಕೌಂಟ್ (ಎಷ್ಟು ಸಲ ಉತ್ತರ ಬರದಿದ್ದರೆ ಕೈಬಿಡಬೇಕು) 5 ಅಂತ ಇಟ್ಟೆ. ರೀಲೋಡ್ ಮಾಡಿದರೆ ಸಾಕು, ರೀಸ್ಟಾರ್ಟ್ ಬೇಡ. ಈಗ ಯಾರೂ ಏನೂ ಮಾಡದಿದ್ದರೂ ನಿಮಿಷಕ್ಕೊಮ್ಮೆ ಸರ್ವರ್ 'ಇದ್ದೀಯಾ' ಅಂತ ಕೇಳುತ್ತದೆ, ಫೈರ್‌ವಾಲ್‌ನ ಗಡಿಯಾರ ಮತ್ತೆ ಸೊನ್ನೆಯಿಂದ ಶುರುವಾಗುತ್ತದೆ.

ಇದರಿಂದ ಇನ್ನೊಂದು ತೊಂದರೆಯೂ ಹೋಯಿತು. ಕನೆಕ್ಷನ್ ಕಡಿದದ್ದು ಸರ್ವರ್‌ಗೂ ಗೊತ್ತಿರುತ್ತಿರಲಿಲ್ಲ. ಪೋಸ್ಟ್‌ಗ್ರೆಸ್ ತನ್ನ ಸೆಷನ್‌ಗಳನ್ನು ತೋರಿಸುವ ಪಿಜಿ ಸ್ಟ್ಯಾಟ್ ಆಕ್ಟಿವಿಟಿ ನೋಡಿದರೆ ಬೆಳಗಿನ ಸೆಷನ್‌ಗಳು ಸಂಜೆ ಹೊತ್ತಿಗೂ ರಾಶಿ ಬಿದ್ದಿರುತ್ತಿದ್ದವು. ಅದರಲ್ಲಿ ಕೆಲವು 'ಐಡಲ್ ಇನ್ ಟ್ರಾನ್ಸಾಕ್ಷನ್', ಅಂದರೆ ಶುರು ಮಾಡಿದ ಕೆಲಸ ಮುಗಿಸದೆ ಸುಮ್ಮನೆ ಕೂತವು. ಅವು ದಾಖಲೆಗಳ ಮೇಲೆ ಲಾಕ್ ಹಿಡಿದಿದ್ದರಿಂದ ಪಕ್ಕದವರ ಸೇವ್ ಕೂಡ ನಿಂತುಬಿಡುತ್ತಿತ್ತು. ಅದನ್ನು ನಾನು ಬೇರೆಯೇ ದೋಷ ಅಂದುಕೊಂಡು ಎರಡು ದಿನ ಫಾರ್ಮಿನ ಕೋಡ್ ತಡಕಾಡಿದ್ದೆ. ಈಗ ಆ ಕಡೆಯಿಂದ ಉತ್ತರ ಬರದಿದ್ದರೆ ಸುಮಾರು 2 ನಿಮಿಷದೊಳಗೆ ಸರ್ವರ್ ತಾನೇ ಆ ಸೆಷನ್ ಮುಗಿಸುತ್ತದೆ, ಲಾಕ್ ಬಿಡುತ್ತದೆ.

ಫೋನ್ ಬರುವುದು ನಿಂತಿತು, ಒಬ್ಬರದು ಬಿಟ್ಟು. ಅವರದು ವೈಫೈ ಮೇಲಿದ್ದ ಲ್ಯಾಪ್‌ಟಾಪ್. ಡಿವೈಸ್ ಮ್ಯಾನೇಜರ್‌ನಲ್ಲಿ ವೈಫೈ ಅಡಾಪ್ಟರ್‌ನ ಪವರ್ ಮ್ಯಾನೇಜ್‌ಮೆಂಟ್ ಪುಟ ತೆರೆದು ನೋಡಿದೆ. ವಿದ್ಯುತ್ ಉಳಿಸಲು ಅಡಾಪ್ಟರನ್ನು ಆಫ್ ಮಾಡಬಹುದು ಅನ್ನುವ ಕಡೆ ಟಿಕ್ ಇತ್ತು. ಆ ಟಿಕ್ ತೆಗೆದುಹಾಕಿದೆ.