ಕೊಂದಿದ್ದು ಸಿಪ್ಪೆನಾ, ಬೇರೇನಾದರೂನಾ?

ನಮ್ಮ ವಿಜಯಪುರದಲ್ಲಿ ದಾಳಿಂಬೆಗೆ ಬರವಿಲ್ಲ. ಎಂ.ಎಸ್ಸಿ. ಮೈಕ್ರೋಬಯಾಲಜಿ ಪ್ರಾಜೆಕ್ಟಿಗೆ ನಾನು ಅದರ ಸಿಪ್ಪೆಯನ್ನೇ ಆರಿಸಿಕೊಂಡೆ. ಚಿಕ್ಕವರಿದ್ದಾಗ ಹೊಟ್ಟೆ ಕೆಟ್ಟರೆ ಅಮ್ಮ ಒಣಗಿದ ದಾಳಿಂಬೆ ಸಿಪ್ಪೆ ಕುದಿಸಿ ಕುಡಿಸುತ್ತಿದ್ದಳು. ಆ ಒಗರು ಈಗಲೂ ನಾಲಿಗೆ ಮೇಲಿದೆ. ಅದೇ ಒಗರು ಕೋಳಿ ಮಾಂಸ ಕೆಡಿಸುವ ಬ್ಯಾಕ್ಟೀರಿಯಾವನ್ನೂ ತಡೆಯುತ್ತಾ ಅಂತ ನೋಡಬೇಕಿತ್ತು.

ಜ್ಯೂಸ್ ಅಂಗಡಿಯಲ್ಲಿ ಸಿಪ್ಪೆ ಕೇಳಿದಾಗ ಅಂಗಡಿಯವರು ಒಂದು ಚೀಲ ತುಂಬಿ ಕೊಟ್ಟು, "ಈ ಸಿಪ್ಪಿ ತಗೊಂಡು ಏನ್ ಮಾಡ್ತಿ ತಂಗಿ?" ಅಂದರು. ತೊಳೆದು, ಸಣ್ಣಗೆ ಹೆಚ್ಚಿ, ನೆರಳಲ್ಲಿ ಹರವಿದೆ. ಮೋಡದ ದಿನಗಳು. ಮೂರನೇ ದಿನಕ್ಕೆ ಬೂಷ್ಟು ಬಂತು, ಅಷ್ಟನ್ನೂ ಎಸೆದೆ. ಎರಡನೇ ಸಲ ಲ್ಯಾಬಿನ ಡ್ರೈಯರಿನಲ್ಲಿ 45 ಡಿಗ್ರಿಗೆ ಒಣಗಿಸಿದೆ. ಮುರಿದರೆ ಹಪ್ಪಳದಂತೆ ಚಟ್ ಅನ್ನಬೇಕು, ಆಮೇಲೇ ಮಿಕ್ಸಿಗೆ. 10 ಗ್ರಾಂ ಪುಡಿಗೆ 100 ಎಂ.ಎಲ್. ಆಲ್ಕೋಹಾಲ್ ಹಾಕಿ ಒಂದು ದಿನ ನೆನೆಸಿ, ಸೋಸಿ, ಆರಿಸಿದಾಗ ತಳದಲ್ಲಿ ಜೋನಿ ಬೆಲ್ಲದಂಥ ಕಂದು ಅಂಟು ಉಳಿಯಿತು. ಅದೇ ಸಿಪ್ಪೆಯ ಸಾರ.

ಬ್ಯಾಕ್ಟೀರಿಯಾ ಬೆಳೆಸುವ ಜೆಲ್ಲಿಯಂಥ ಅಗಾರ್ ತುಂಬಿದ ಪ್ಲೇಟಿನಲ್ಲಿ ಬ್ಯಾಕ್ಟೀರಿಯಾ ಸವರಿ, 6 ಮಿ.ಮೀ. ಗುಂಡಿ ಕೊರೆದು ಸಾರ ತುಂಬಿದೆ. ಮರುದಿನ ಗುಂಡಿಯ ಸುತ್ತ ಬ್ಯಾಕ್ಟೀರಿಯಾ ಬೆಳೆಯದ ತಿಳಿ ವೃತ್ತ ಕಂಡಿತು. ಖುಷಿಯಿಂದ ಗೈಡ್ ಹತ್ತಿರ ಓಡಿದೆ. ಅವರು ಪಕ್ಕದ ಗುಂಡಿ ತೋರಿಸಿದರು. ಅದರಲ್ಲಿ ಬರೀ ಆಲ್ಕೋಹಾಲ್ ಇತ್ತು. ಅದರ ಸುತ್ತಲೂ ವೃತ್ತ! ನನ್ನ ಸಾರದಲ್ಲೂ ಆಲ್ಕೋಹಾಲ್ ಪೂರ್ತಿ ಆರಿರಲಿಲ್ಲ. ತೂಕ ಇಳಿಯುವುದು ನಿಲ್ಲುವವರೆಗೂ ಮತ್ತೆ ಆರಿಸಿ, ಶುದ್ಧ ನೀರಲ್ಲಿ ಕರಗಿಸಿ, ಮೊದಲಿನಿಂದ ಶುರು ಮಾಡಿದೆ. ಈ ಸಲ ಸ್ಟ್ಯಾಫಿಲೋಕಾಕಸ್ ಅನ್ನುವ ಬ್ಯಾಕ್ಟೀರಿಯಾದ ಪ್ಲೇಟಿನಲ್ಲಿ ವೃತ್ತ 18 ಮಿ.ಮೀ. ಬಂತು. ಇ. ಕೋಲಿ ಅನ್ನುವ ಇನ್ನೊಂದು ಬ್ಯಾಕ್ಟೀರಿಯಾದ ಪ್ಲೇಟಿನಲ್ಲಿ ಏನೂ ಇಲ್ಲ ಅನ್ನುವಷ್ಟು ಕಡಿಮೆ. ಇ. ಕೋಲಿಗೆ ಹೊರಗಡೆ ಇನ್ನೊಂದು ಪೊರೆ ಇರುತ್ತೆ. ಸಿಪ್ಪೆಗೆ ಒಗರು ಕೊಡುವ ಟ್ಯಾನಿನ್ ಅದನ್ನು ದಾಟಿ ಒಳಗೆ ಹೋಗುವುದು ಕಷ್ಟ.

ನಿಜವಾದ ಪೆಟ್ಟು ಕೊಟ್ಟದ್ದು ನಮ್ಮ ಕಾಕಾ. ಅವರದು ಎರಡು ಎಕರೆ ದಾಳಿಂಬೆ ತೋಟ. ಊಟಕ್ಕೆ ಕೂತಾಗ ನಾನು ಪ್ರಾಜೆಕ್ಟಿನ ಕಥೆ ಹೇಳುತ್ತಿದ್ದೆ. ಕೇಳಿ ಕೇಳಿ, "ಅಲ್ಲವ್ವ, ದುಂಡಾಣು ರೋಗಕ್ಕಂತ ನಾವು ಕಾಯಿಗೆ ಸ್ಟ್ರೆಪ್ಟೋಸೈಕ್ಲಿನ್ ಹೊಡಿತೀವಿ. ಅದೂ ಬ್ಯಾಕ್ಟೀರಿಯಾ ಕೊಲ್ಲೂ ಔಷಧಾನ ಅಲ್ಲೇನು? ನಿನ್ನ ಪ್ಲೇಟಿನ್ಯಾಗ ಕೊಂದಿದ್ದು ಸಿಪ್ಪಿನೋ, ಅದೋ?" ಅಂದರು. ತುತ್ತು ಕೈಯಲ್ಲೇ ಉಳಿಯಿತು. ಅದರ ಜೊತೆ ತಾಮ್ರದ ಔಷಧಿಯನ್ನೂ ಹೊಡೆಯುತ್ತಾರೆ. ಅದೂ ಸಿಪ್ಪೆ ಮೇಲೆಯೇ ಕೂರುತ್ತೆ. ಅಂಗಡಿ ಸಿಪ್ಪೆ ಯಾವ ತೋಟದ್ದು, ಅದಕ್ಕೆ ಏನೇನು ಹೊಡೆದಿದ್ದರು ಅಂತ ಯಾರಿಗೆ ಗೊತ್ತು?

ಕಾಕಾ ಮನೆ ಹಿತ್ತಲಲ್ಲಿ ಯಾವ ಔಷಧಿಯನ್ನೂ ಕಾಣದ ಒಂದು ದಾಳಿಂಬೆ ಗಿಡ ಇದೆ. ಸಣ್ಣ ಸಣ್ಣ ಹುಳಿ ಹಣ್ಣು. ಅದರ ಸಿಪ್ಪೆಯಿಂದಲೂ ಸಾರ ತೆಗೆದು ಅಂಗಡಿ ಸಿಪ್ಪೆಯ ಪಕ್ಕದಲ್ಲೇ ಇಟ್ಟು ನೋಡಿದೆ. ಹಿತ್ತಲ ಸಿಪ್ಪೆಗೆ 17 ಮಿ.ಮೀ. ಬಂತು. ಅಂದರೆ ಕೊಂದಿದ್ದು ಸಿಪ್ಪೆಯೇ. ಆ ಪ್ಲೇಟನ್ನು ಬೆಳಕಿಗೆ ಹಿಡಿದು ಎಷ್ಟು ಹೊತ್ತು ನಿಂತಿದ್ದೆನೋ. ಮುಂದಿನದ್ದೆಲ್ಲ ಹಿತ್ತಲ ಸಿಪ್ಪೆಯಿಂದಲೇ ಮಾಡಿದೆ.

ಆಮೇಲೆ ಮಾಂಸ. ಬೆಳಗ್ಗೆ ಕೊಯ್ದ ಕೋಳಿಯ ಎದೆ ಮಾಂಸವನ್ನು ಐಸ್ ಮೇಲೆ ತಂದು 25 ಗ್ರಾಂ ತುಂಡು ಮಾಡಿದೆ. ಕೆಲವನ್ನು ಹಾಗೇ ಬಿಟ್ಟೆ. ಕೆಲವನ್ನು ಶೇ. 1ರ ಸಾರದಲ್ಲಿ ಹತ್ತು ನಿಮಿಷ ಅದ್ದಿದೆ. ಇನ್ನು ಕೆಲವನ್ನು ಬರೀ ನೀರಲ್ಲಿ ಅದ್ದಿದೆ, ಯಾಕೆಂದರೆ ನೀರೂ ಒಂದಿಷ್ಟು ಬ್ಯಾಕ್ಟೀರಿಯಾ ತೊಳೆದು ಹಾಕುತ್ತೆ ಅಲ್ವಾ? ಎಲ್ಲವನ್ನೂ 4 ಡಿಗ್ರಿ ಫ್ರಿಜ್ಜಿನಲ್ಲಿಟ್ಟು, ಮೂರು ದಿನಕ್ಕೊಮ್ಮೆ ತೆಗೆದು ಬ್ಯಾಕ್ಟೀರಿಯಾ ಎಣಿಸಿದೆ.

ಆರನೇ ದಿನ ಹಾಗೇ ಬಿಟ್ಟ ತುಂಡು ಬೆರಳಿಗೆ ಲೋಳೆಯಾಗಿ ಅಂಟಿತು, ವಾಸನೆ ಬಂತು. ಗ್ರಾಂಗೆ ಒಂದು ಕೋಟಿಗೂ ಜಾಸ್ತಿ ಬ್ಯಾಕ್ಟೀರಿಯಾ. ನೀರಲ್ಲಿ ಅದ್ದಿದ್ದೂ ಹೆಚ್ಚುಕಡಿಮೆ ಅಷ್ಟೇ. ಸಾರದಲ್ಲಿ ಅದ್ದಿದ್ದರಲ್ಲಿ ಅದರ ಹತ್ತನೇ ಒಂದು ಭಾಗ ಇತ್ತು. ಆದರೆ ಒಂಬತ್ತನೇ ದಿನಕ್ಕೆ ಅದೂ ಕೆಟ್ಟಿತು. ಮುಂಬೈನ ಭಾಭಾ ಅಣು ಸಂಶೋಧನಾ ಕೇಂದ್ರದವರು 2010ರಲ್ಲಿ ಈ ಸಾರ ಹಾಕಿದ ಚಿಕನ್ ತಿನಿಸುಗಳು ತಂಪಿನಲ್ಲಿ ಎರಡು ಮೂರು ವಾರ ಜಾಸ್ತಿ ಬಾಳಿದ್ದನ್ನು ತೋರಿಸಿದ್ದರು. ನನ್ನ ಹಸಿ ಮಾಂಸಕ್ಕೆ ಸಿಕ್ಕಿದ್ದು ಎರಡು ಮೂರು ದಿನ. ಪ್ಲೇಟಿನಲ್ಲಿ ಅಷ್ಟು ಚೆನ್ನಾಗಿ ಕೆಲಸ ಮಾಡಿದ ಟ್ಯಾನಿನ್, ಇಲ್ಲಿ ಮಾಂಸದ ಪ್ರೋಟೀನಿಗೇ ಅಂಟಿಕೊಂಡು ಕೂರುತ್ತೆ. ಬ್ಯಾಕ್ಟೀರಿಯಾಕ್ಕೆ ಉಳಿಯುವುದು ಸ್ವಲ್ಪ. ಹಾಗಾಗಿ ಯಾರಾದರೂ "ಇದನ್ನು ಹಚ್ಚಿ ಹೊರಗಿಟ್ಟರೆ ನಡೆಯುತ್ತಾ?" ಅಂತ ಕೇಳಿದರೆ ಖಂಡಿತ ಬೇಡ ಅನ್ನುತ್ತೇನೆ. ಫ್ರಿಜ್ ಇರಲೇಬೇಕು, ಚೆನ್ನಾಗಿ ಬೇಯಿಸಲೇಬೇಕು. ಇ. ಕೋಲಿಯನ್ನಂತೂ ಇದು ತಡೆಯಲಿಲ್ಲ ಅಂತಲೇ ಹೇಳಬೇಕು.

ಲ್ಯಾಬಿನ ಮಾಂಸ ತಿನ್ನುವಂತಿಲ್ಲ. ರುಚಿ ನೋಡಲು ಮನೆಯಲ್ಲಿ ಹಿತ್ತಲ ಸಿಪ್ಪೆಯನ್ನು ಬರೀ ನೀರಲ್ಲಿ ಕುದಿಸಿ ಬೇರೆ ಕಷಾಯ ಮಾಡಿದೆ. ಗಟ್ಟಿ ಕಷಾಯದಲ್ಲಿ ಅದ್ದಿದ ಚಿಕನ್ ಹಳದಿಗೆ ತಿರುಗಿತು, ಬಾಯೆಲ್ಲ ಒಗರು. ಅರ್ಧಕ್ಕರ್ಧ ನೀರು ಬೆರೆಸಿ, ಶುಂಠಿ ಬೆಳ್ಳುಳ್ಳಿ ಖಾರ ಹಚ್ಚಿ ಮಾಡಿದ್ದನ್ನು ಕಾಕಾ ಎರಡನೇ ಸಲ ಹಾಕಿಸಿಕೊಂಡರು. ಆ ತೆಳು ಕಷಾಯ ಎಷ್ಟು ದಿನ ತಡೆಯುತ್ತೆ ಅಂತ ಈಗ ಎಣಿಸುತ್ತಿದ್ದೇನೆ.